ಕೆಳಗಲ ಬೀದಿಯ ಐವತ್ತೆಂಟು ಡಬ್ಬಿ

ಸಿದ್ದೇಶ, ಡೊಂಬಿವಿಲಿಯಿಂದ
ವಾಯ್ಸ್ ನೋಟು, ೮ ಜೂನ್ ೨೦೨೫, ರಾತ್ರಿ ಹನ್ನೊಂದೂವರೆ

ಅಕ್ಕೋ, ಮಲ್ಗಿರ್ತೀಯ, ವತ್ತಾರೆ ಎದ್ದು ಕೇಳು. ಓಟ್ಲು ಬಾಗ್ಲು ಎಳ್ದು ಇವಾಗ ರೂಮಿಗೆ ಬಂದೆ. ಒಂದು ಸುದ್ದಿ ಅದೆ. ಪಾತ್ರೆ ತೊಳಿಯೋದ್ರಿಂದ ಬುಡ್ಸಿ ನನ್ನ ದೋಸೆ ಕಲ್ಲಿಗೆ ಹಾಕವ್ರೆ. ಊರು ಬುಟ್ಟು ಮೂರು ವರ್ಸಕ್ಕೆ ಕೈಗೆ ಸೌಟು ಸಿಕ್ತು ನೋಡು.

ಇಲ್ಲಿ ಮಳೆ ಹಿಡ್ಕೊಂಡದೆ. ಡಾಂಬರು ಮೇಲೆ ಬೀಳೋ ಮಳೆಗೆ ವಾಸ್ನೇನೆ ಇಲ್ಲ ಕಣಕ್ಕ. ನಮ್ಮ ಹಳೇ ಅಟ್ಟಿ ಹಿಂದ್ಲ ಗೋಡೆ ನೆಪ್ಪಾಯ್ತು. ಎರಚ್ಲು ಹೊಡ್ದ್ರೆ ಆ ಮಣ್ಣು ಘಮ್ ಅನ್ನೋದು, ನಾನು ಉಗುರಲ್ಲಿ ಕೆರ್ಕೊಂಡು ತಿಂತಿದ್ದೆ. ಅವ್ವ ಬೆನ್ಮೇಲೆ ಗುದ್ದೋಳು, "ನೀನು ಗೋಡೆ ತಿಂದ್ಕೊಂಡು ಹೋದ್ರೆ ಸೂರು ಎಲ್ಲಿ ನಿಂತ್ಕೊತದ್ಲಾ" ಅಂತ.

ನಾಕು ರೂಮಿಗೂ ಸೇರಿ ಕಕ್ಕಸ್ಸು ಒಂದೆ ಇಲ್ಲಿ. ವತ್ತಾರೆ ಬಕೆಟ್ಟು ಹಿಡ್ಕೊಂಡು ಸಾಲಲ್ಲಿ ನಿಂತಾಗೆಲ್ಲ ನಮ್ಮ ಹೊಂಗೆ ತೋಪು ಕಣ್ಮುಂದೆ ಬತ್ತದೆ. ನಾನೂ ಶಂಕರಾನೂ ಚೊಂಬು ಹಿಡ್ಕೊಂಡು ಹೋದ್ರೆ ಬಿಸ್ಲು ಏರೋಗಂಟ ಮಾತೇ ಮುಗೀತಿರ್ಲಿಲ್ಲ. ಬರಿಗಾಲು, ಇಬ್ನಿ, ಕಾಲ್ಕೆಳಗೆ ಹೊಂಗೆ ಹೂವು. ರಾಜರಿದ್ದಂಗೆ ಇದ್ದೋ. ಈಗ್ಲೂ ಜನ ತೋಪಿಗೇ ಹೋಯ್ತಾರ? ಸರ್ಕಾರದೋರು ಕಟ್ಸಿದ ಕಕ್ಕಸ್ಸಿಗೆ ಮಂಗಳಮ್ಮತ್ತೆ ಸೌದೆ ತುಂಬವ್ಳೆ ಅಂದಿದ್ದೆ ಹೋದ್ಸರ್ತಿ.

ನಿನ್ ಮಗ್ಳು ಅನು ಎಂಗವ್ಳೆ? ಮೂರನೇ ಕ್ಲಾಸೋ ನಾಕನೇ ಕ್ಲಾಸೋ ಈಗ? ನೀನು ಎಂದಿನಂಗೆ ಕಾಗ್ದದಲ್ಲಿ ಬರ್ದು ಪೋಟೋ ಹೊಡ್ದು ಕಳ್ಸು. ನೀನು ವಾಯ್ಸ್ ಮಾಡುದ್ರೆ ಮಂಗಳಮ್ಮತ್ತೆ ಗೋಡೆ ಆಚೆಯಿಂದ್ಲೆ ಉತ್ರ ಕೊಡ್ತಾಳೆ. ಅಪ್ಪನ ತಂಗಿ ಆದ್ರೇನು, ನಿನ್ ಪಾಲಿಗೆ ಅತ್ತೆ ಅತ್ತೇನೆ.


ಯಶೋಧ, ಊರಿನಿಂದ
೧೩ ಜೂನ್ ೨೦೨೫

ಸಿದ್ದನಿಗೆ ಅಕ್ಕ ಬರೆಯುವುದು.

ನಿನ್ನ ಮಾತನ್ನು ಕೊಟ್ಟಿಗೆಯಲ್ಲಿ ಕೂತು ಕೇಳಿದೆ. ದೋಸೆ ಕಲ್ಲಿಗೆ ಬಂದದ್ದು ಸಂತೋಷ. ಕೈ ಸುಟ್ಟುಕೊಳ್ಳಬೇಡ.

ನೀನು ತೋಪಿನ ಸುದ್ದಿ ಎತ್ತಿದ್ದೂ ನನಗೆ ಈ ಕೆಲಸ ಬಂದದ್ದೂ ಸರಿಹೋಯಿತು. ಮೆಡಿಕಲ್ ಕಾಲೇಜಿನವರು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನಲ್ಲಿ ಹಳ್ಳಿಯವರ ಹೊಟ್ಟೆಯೊಳಗೆ ಹುಳು ಎಷ್ಟು ಜನಕ್ಕಿದೆ ಎಂದು ಪರೀಕ್ಷೆ ಮಾಡುತ್ತಿದ್ದಾರೆ. ನಮ್ಮೂರಲ್ಲಿ ಕೆಳಗಲ ಬೀದಿ ಆರಿಸಿಕೊಂಡಿದ್ದಾರೆ. ಊರಿಗೆ ಆಶಾ ಕಾರ್ಯಕರ್ತೆ ಎಂದು ಇರುವವಳು ನಾನೊಬ್ಬಳೇ, ಹಾಗಾಗಿ ಅರವತ್ತು ಡಬ್ಬಿ ನನ್ನ ಕೈಗೆ ಕೊಟ್ಟು ಹೋದರು. ಮನೆಗೊಬ್ಬರ ಹೆಸರನ್ನು ಚೀಟಿ ಎತ್ತಿ ಅವರೇ ಬರೆದಿದ್ದಾರೆ. ನಮ್ಮ ಮನೆಯಿಂದ ಬಂದದ್ದು ಅನುವಿನ ಹೆಸರು. ಬೆರಳುದ್ದದ ಬಿಳಿ ಡಬ್ಬಿ, ಮುಚ್ಚಳಕ್ಕೆ ಅಂಟಿದಂತೆ ಒಂದು ಪುಟ್ಟ ಚಮಚ. ಒಂದು ಚಮಚ ಮಲ ಸಾಕು. ಆ ಒಂದು ಚಮಚಕ್ಕೆ ನಾನು ಐದು ದಿನದಿಂದ ಬೀದಿ ಸುತ್ತುತ್ತಿದ್ದೇನೆ.

ದ್ಯಾವಮ್ಮ ಬಾಗಿಲಲ್ಲೇ ತಡೆದಳು. "ಯಶೋದಿ, ಹಾಲು ಕೇಳು ಕೊಡ್ತೀನಿ, ಮೊಸ್ರು ಕೇಳು ಕೊಡ್ತೀನಿ. ಇದನ್ನ ಕೇಳ್ಕೊಂಡು ಬಂದಿದ್ದೀಯಲ್ಲ, ನಿನ್ಗೆ ಓದ್ಸಿದ್ದೇ ದಂಡ" ಎಂದಳು. ದೇವಯ್ಯ, "ಹೊಟ್ಟೇಲಿ ಉಳ ಇಲ್ದಿದ್ರೆ ಮುದ್ದೆ ಅರಗ್ಸೋರು ಯಾರವ್ವ" ಎಂದು ಬೀಡಿ ಹಚ್ಚಿದ. ನಮ್ಮ ಮನೆಯಲ್ಲೇ ಅತ್ತೆ ಬಿಡುತ್ತಿಲ್ಲ. "ಕೂದ್ಲು ಉಗುರು ಸಿಕ್ಕಿದ್ರೇನೆ ಮಾಟ ಮಾಡ್ಸೋರವ್ರೆ. ಮಗೀದನ್ನ ಡಬ್ಬೀಗೆ ಹಾಕಿ ಮೇಲೆ ಹೆಸ್ರು ಬೇರೆ ಬರ್ದು ಪರಸ್ಥಳದೋರ ಕೈಗೆ ಕೊಡ್ತೀಯಾ" ಎನ್ನುತ್ತಾರೆ. ಇಲ್ಲಿಯವರೆಗೆ ಬಂದದ್ದು ಒಂದೂ ಇಲ್ಲ. ಈ ಕೆಲಸ ನೋಡಿಕೊಳ್ಳುವವರು ಅರ್ಪಿತ ಎಂಬ ಡಾಕ್ಟರು, ಚಿಕ್ಕ ವಯಸ್ಸು, ಒಳ್ಳೆಯವರು. ಅವರಿಗೆ ಯಾವ ಮುಖ ತೋರಿಸಲಿ?

ಅನು ನಾಲ್ಕನೇ ಕ್ಲಾಸು. ಒಂದು ತಿಂಗಳಿಂದ ಮಂಕಾಗಿದ್ದಾಳೆ. ಶಾಲೆಯಿಂದ ಬಂದವಳೇ ಜಗಲಿ ಮೇಲೆ ಉರುಳುತ್ತಾಳೆ. ನೀನು ಗೋಡೆ ತಿಂದ ಕಥೆ ಕೇಳಿ ನಗು ಬಂತು, ಇವಳೂ ಕೊಟ್ಟಿಗೆ ಗೋಡೆ ಕೆರೆದು ತಿನ್ನುತ್ತಾಳೆ. "ಸೋದರಮಾವನ್ನೇ ಹೊತ್ಕೊಂಡು ಹುಟ್ಟವ್ಳೆ" ಎಂದು ಅತ್ತೆಗೆ ಖುಷಿ.


ಸಿದ್ದೇಶ
ವಾಯ್ಸ್ ನೋಟು, ೧೪ ಜೂನ್

ಅಕ್ಕ, ನಿನ್ ಕಾಗ್ದ ಓದಿ ಇಲ್ಲಿ ಒಬ್ನೇ ನಕ್ಕೊಂಡು ಬಿದ್ದಿದ್ದೆ, ಪಕ್ಕದೋನು ಎದ್ದು ಬೈದ. ಅನು ಗೋಡೆ ತಿಂತಾಳಾ? ತಿನ್ಲಿ ಬುಡು. ನಾನು ತಿಂದು ಎಂಗವ್ನಿ ನೋಡು, ಕಲ್ಲುಗುಂಡು. ಮಂಕು ಗಿಂಕು ಏನಿಲ್ಲ, ಶಾಲೆಗೆ ಹೋಗಾಕೆ ಬ್ಯಾಜಾರು ಅಷ್ಟೇಯ. ನಾನೂ ಅಂಗೇ ಜಗಲಿ ಮೇಲೆ ಬಿದ್ದಿರ್ತಿದ್ನಲ್ಲ. ಕಾಲ್ಬೆರಳ ಸಂದೀಲಿ ತುರಿಕೆ ಬಂದು ರಾತ್ರಿಯೆಲ್ಲ ಕೆರ್ಕೊಂಡು, ಅವ್ವ ಬೇವಿನೆಣ್ಣೆ ಹಚ್ಚೋಳು. ಆ ಬೇವಿನೆಣ್ಣೆ ವಾಸ್ನೆಗೆ ಇವಾಗ ಏನ್ ಬೇಕಾದ್ರೂ ಕೊಡ್ತೀನಿ.

ಡಬ್ಬಿ ಇಚಾರ ನೀನು ತಲೆ ಕೆಡಿಸ್ಕೊಬ್ಯಾಡ. ಶಂಕರನ್ಗೆ ಯೋಳ್ತೀನಿ. ಡೈರೀಲಿ ಹಾಲಿನ ಸ್ಯಾಂಪಲ್ ತೆಗಿಯೋನು ಅವ್ನೇ ಅಲ್ವ ಈಗ? ವತ್ತಾರೆ ಕ್ಯಾನು ಹೊತ್ಕೊಂಡು ಇಡೀ ಬೀದಿ ಅವನ ಮುಂದೇನೆ ನಿಂತ್ಕೊಬೇಕು. ಅವ್ನು ಒಂದು ಮಾತು ಅಂದ್ರೆ ಇಲ್ಲ ಅನ್ನಾಕೆ ಯಾರ್ಗೂ ಬಾಯಿ ಬರಾಕಿಲ್ಲ. ನೀನು ಸುಮ್ಕೆ ಖಾಲಿ ಡಬ್ಬಿ ಅವನ ಕೈಗೆ ಮಡಗು.


ಯಶೋಧ
೨೧ ಜೂನ್ ೨೦೨೫

ಸಿದ್ದ,

ನಿನ್ನ ಗೆಳೆಯನಿಗೆ ದೇವರು ಒಳ್ಳೆಯದು ಮಾಡಲಿ. ಹೆರಿಗೆ ಕೇಸೊಂದನ್ನು ಕರೆದುಕೊಂಡು ಎರಡು ದಿನ ಕೆ.ಆರ್.ಪೇಟೆ ಆಸ್ಪತ್ರೆಯಲ್ಲಿದ್ದೆ. ಬಂದು ನೋಡಿದರೆ ಡೈರಿಯ ಬೆಂಚಿನ ಮೇಲೆ, ಹಾಲಿನ ಶೀಸೆ ಜೋಡಿಸುವ ತಟ್ಟೆಯಲ್ಲೇ, ಡಬ್ಬಿಗಳು ನಂಬರಿನ ಪ್ರಕಾರ ಕೂತಿವೆ. ಐವತ್ತೆಂಟು. ಬೀಗ ಹಾಕಿಕೊಂಡು ಕಬ್ಬು ಕಡಿಯಲು ಹೋದ ಎರಡು ಮನೆ ಬಿಟ್ಟರೆ ಎಲ್ಲರದ್ದೂ. ದ್ಯಾವಮ್ಮನದು, ದೇವಯ್ಯನದು, ನಮ್ಮ ಅನುವಿನದು. ಅತ್ತೆ ಹೇಗೆ ಒಪ್ಪಿದರು ಎಂದು ಕೇಳಿದ್ದಕ್ಕೆ, "ನಿನ್ ಕೆಲ್ಸ ನಾನ್ಯಾಕ್ ಕೆಡಿಸ್ಲವ್ವ" ಎಂದು ರಾಗಿ ಬೀಸಲು ಕೂತರು.

ನಾನು ತಟ್ಟೆ ಎತ್ತಿಕೊಂಡು ಬರುವಾಗ ಬೀದಿಯ ಹೆಂಗಸರೆಲ್ಲ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ನಾಚಿಕೆ ಪಾಪ. ನನಗೂ ನಗು ಬಂತು.

ಅರ್ಪಿತ ಡಾಕ್ಟರು ಫೋನಿನಲ್ಲಿ, "ಪಾಂಡವಪುರದ ಕಡೆ ಅರ್ಧ ಡಬ್ಬೀನೂ ಬಂದಿಲ್ಲ ಯಶೋಧಾ, ನೀವು ಏನ್ ಮಂತ್ರ ಹಾಕಿದ್ರಿ" ಎಂದರು. ನನ್ನ ತಮ್ಮನ ಮಂತ್ರ ಎಂದೆ.


ಸಿದ್ದೇಶ
ವಾಯ್ಸ್ ನೋಟು, ೨೨ ಜೂನ್

ಕೆಲ್ಸ ಆಯ್ತಲ್ಲ ಬುಡಕ್ಕ. ಎಂಗಾಯ್ತು ಏನು ಅಂತ ಶಂಕರನ್ನ ಕೆದಕಾಕೆ ಹೋಗ್ಬ್ಯಾಡ, ಅವ್ನಿಗೆ ನಾಚ್ಕೆ.

ಇವತ್ತು ಒಬ್ರು ಗಿರಾಕಿ ಬಂದಿದ್ರು, ಹೊಸಹೊಳಲಿನೋರಂತೆ. ಇಪ್ಪತ್ತು ವರ್ಸ ಆಯ್ತಂತೆ ಬೊಂಬಾಯಿಗೆ ಬಂದು. ನಾನು ಕೂಗಿದ್ ದನೀಲೇ ಕಂಡ್ಹಿಡ್ದುಬುಟ್ರು, "ನಮ್ ಕಡೆ ಹೈದ ಅಲ್ವ್ಲಾ ನೀನು" ಅಂತ. ಇಬ್ರೂ ಹೇಮಗಿರಿ ಹೊಳೆ ಇಚಾರ ಮಾತಾಡ್ಕೊಂಡು ನಿಂತ್ಕೊಂಡೊ, ಎಲ್ಡು ದೋಸೆ ಸೀದೋಯ್ತು. ಅವ್ವನ ಜೊತೆ ಹೊಳೇಲಿ ದನ ತೊಳೆಯೋವಾಗ ನಾನು ಎಮ್ಮೆ ಬಾಲ ಹಿಡ್ಕೊಂಡು ಈಜ್ತಿದ್ದುದು, ನೀನು ದಡದಲ್ಲಿ ನಿಂತ್ಕೊಂಡು ಅಳ್ತಿದ್ದುದು. ಎಷ್ಟು ಸಂದಾಕಿತ್ತು ಎಲ್ಲಾ. ಈಗ ಊರಿಗೆ ನನ್ನಿಂದ ಒಂದು ಉಪ್ಕಾರ ಆಯ್ತು ಅಂತ ಒಂದೀಟು ಸಮಾಧಾನ.


ಯಶೋಧ
೧೬ ಜುಲೈ ೨೦೨೫

ಸಿದ್ದ,

ಎರಡು ಸುದ್ದಿ. ಒಳ್ಳೆಯದು ಮೊದಲು ಹೇಳುತ್ತೇನೆ. ಡಬ್ಬಿಯ ರಿಪೋರ್ಟು ಬಂತು. ಕೆಳಗಲ ಬೀದಿಯಲ್ಲಿ ಒಬ್ಬರಿಗೂ ಹುಳು ಇಲ್ಲ. ಒಬ್ಬರಿಗೂ. ಬೇರೆ ಊರುಗಳಲ್ಲಿ ನಾಲ್ಕರಲ್ಲಿ ಒಬ್ಬರಿಗಾದರೂ ಸಿಕ್ಕಿದೆಯಂತೆ. ದೇವಯ್ಯ ಡೈರಿ ಮುಂದೆ, "ಹೇಮಾವತಿ ನೀರು ಕುಡ್ದೋರು ನಾವು" ಎಂದು ಮೀಸೆ ತಿರುವುತ್ತಿದ್ದಾನೆ.

ಇನ್ನೊಂದು ಅನುವಿನದು. ಹೋದ ವಾರ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತವಳು ಬಿದ್ದುಬಿಟ್ಟಳು. ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ಹನ್ನೊಂದೂವರೆ ಇರಬೇಕಾದದ್ದು ಐದು ಮುಕ್ಕಾಲು ಇದೆ. ಮೈಸೂರಿನ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ಮೊದಲು ಕೇಳಿದ್ದೇ ಹುಳುವಿನ ವಿಷಯ. ನಾನು ಹೆಮ್ಮೆಯಿಂದ ಕಾಲೇಜಿನ ರಿಪೋರ್ಟು ಎತ್ತಿ ಕೊಟ್ಟೆ. ಫೆಬ್ರವರಿಯಲ್ಲಿ ಶಾಲೆಯಲ್ಲಿ ಮಾತ್ರೆ ಕೊಟ್ಟದ್ದೂ ಹೇಳಿದೆ. "ಹಾಗಾದ್ರೆ ಅದಲ್ಲ, ಬೇರೆ ಏನೋ ಇದೆ. ರಕ್ತ ಹುಟ್ಟೋ ಕಡೇನೇ ತೊಂದರೆ ಇದೆಯಾ ನೋಡ್ಬೇಕು" ಎಂದರು. ಸೊಂಟದ ಮೂಳೆಯೊಳಗೆ ಸೂಜಿ ಹಾಕಿ ಒಳಗಿನ ರಸ ತೆಗೆಯಬೇಕಂತೆ. ಇದೇ ೨೯ಕ್ಕೆ ಬರಲು ಹೇಳಿದ್ದಾರೆ.

ನಿಮ್ಮ ಬಾವ ಟ್ರಾಕ್ಟರು ನಿಲ್ಲಿಸಿ ಆಸ್ಪತ್ರೆಯ ದುಡ್ಡಿಗೆ ಓಡಾಡುತ್ತಿದ್ದಾರೆ. ಅನು ಮಾತ್ರ, "ಸೂಜಿ ಎಷ್ಟುದ್ದ ಅದೆ ಅಂತ ಕೇಳಮ್ಮ" ಎನ್ನುತ್ತಾಳೆ. ಊರಿಗೆಲ್ಲ ಕಬ್ಬಿಣದ ಮಾತ್ರೆ ಹಂಚುವವಳು ನಾನು. ನನ್ನ ಮಗಳ ಕಣ್ಣಿನ ರೆಪ್ಪೆ ಎಳೆದು ಒಳಗೆ ಕೆಂಪಿದೆಯೋ ಬಿಳಿಯೋ ಎಂದು ನಾನು ನೋಡಲಿಲ್ಲ.


ಸಿದ್ದೇಶ
ವಾಯ್ಸ್ ನೋಟು, ೧೭ ಜುಲೈ

ಅಕ್ಕ. ನಾನು... ತಾಳು.

ಆ ಸೂಜಿ ಈಗ್ಲೇ ಹಾಕಿಸ್ಬ್ಯಾಡ. ಇನ್ನೊಂದ್ಸರ್ತಿ ಡಬ್ಬೀಲಿ ಕೊಟ್ಟು ನೋಡು. ನೀನೇ ನಿನ್ ಕೈಯಾರೆ ತಗೊಂಡು ಹೋಗು. ಒಂದೊಂದ್ಸರ್ತಿ ರಿಪೋರ್ಟು ತಪ್ಪಾಗ್ತದಂತೆ, ಇಲ್ಲಿ ಜನ ಅಂತಾರೆ. ಏನೋ ಯೋಳ್ದೆ. ಸೂಜಿ ಮಾತ್ರ ಬ್ಯಾಡ ಕಣಕ್ಕ.


ಯಶೋಧ
೨೦ ಜುಲೈ ೨೦೨೫

ಸಿದ್ದೇಶ,

ದೂರದಲ್ಲಿ ಕೂತು ಬೇಡ ಎನ್ನುವುದು ಸುಲಭ. ಕಾಲೇಜಿನವರು ಸೂಕ್ಷ್ಮದರ್ಶಕ ಇಟ್ಟು ನೋಡಿ ಸಹಿ ಹಾಕಿ ಕೊಟ್ಟ ರಿಪೋರ್ಟು ನನ್ನ ಕೈಯಲ್ಲಿದೆ. ನಿನ್ನ ಹೋಟೆಲಿನ ಜನ ಅದಕ್ಕಿಂತ ಬುದ್ಧಿವಂತರೇ? ಅತ್ತೆಯೂ ಬೇಡ ಎನ್ನುತ್ತಾರೆ, ಯಾರೋ ಮಾಟ ಮಾಡಿಸಿದ್ದಾರೆ, ತಡೆ ಒಡೆಸೋಣ ಎನ್ನುತ್ತಾರೆ. ನೀನೂ ಅವರ ಸಾಲಿಗೆ ಸೇರಿದೆ. ಅವ್ವನಿಗೆ ಎದೆನೋವು ಬಂದಾಗಲೂ ಎಲ್ಲರೂ ಹೀಗೇ ಇನ್ನೆರಡು ದಿನ ನೋಡೋಣ ಎಂದರು. ನಾನು ಆಗ ಚಿಕ್ಕವಳು, ಕೇಳಿದೆ. ಈಗ ಕೇಳುವುದಿಲ್ಲ.

೨೯ಕ್ಕೆ ಹೋಗುತ್ತೇವೆ. ಹಳೆಯ ನೆನಪು ಹೇಳಿಕೊಂಡು ಫೋನು ಮಾಡುವುದಾದರೆ ಸ್ವಲ್ಪ ದಿನ ಮಾಡಬೇಡ.


ಸಿದ್ದೇಶ
ವಾಯ್ಸ್ ನೋಟು, ೨೩ ಜುಲೈ, ರಾತ್ರಿ ಎರಡು ಗಂಟೆ

ಅಕ್ಕ, ಪೂರ್ತಿ ಕೇಳು, ಮಧ್ಯದಲ್ಲಿ ನಿಲ್ಲಿಸ್ಬ್ಯಾಡ. ಆ ಡಬ್ಬಿ ಯಾವ್ದೂ ದಿಟದ್ದಲ್ಲ.

ನಮ್ ಗೌರಿ ಹಸ ನೆಪ್ಪದಾ? ಅದ್ರ ಹಾಲು ನೀರು ನೀರು, ಡೈರೀಲಿ ಅಳ್ದು ವಾಪಸ್ ಕಳ್ಸೋರು. ಅವ್ವ ಕ್ಯಾನು ಹೊತ್ಕೊಂಡು ಅಂಗೇ ಬಂದು ಒಲೆ ಮುಂದೆ ಕುಂತ್ಕೊಳ್ಳೋಳು. ನಾನೂ ಶಂಕರಾನೂ ಒಂದು ಉಪಾಯ ಮಾಡುದ್ದೊ. ಸ್ಯಾಂಪಲ್ ಶೀಸೆಗೆ ದೇವಯ್ಯನ ಎಮ್ಮೆ ಹಾಲು, ಕ್ಯಾನಲ್ಲಿ ನಮ್ ಹಸೀನ ಹಾಲು. ಒಂದು ವರ್ಸ ನಡೀತು. ಅವ್ವಂಗೂ ಗೊತ್ತಿರ್ಲಿಲ್ಲ, ಗೌರಿ ಸುಧಾರಿಸ್ಕೊಂಡ್ಳು ಅಂತ ಅದ್ರ ಹಣೆಗೆ ಕುಂಕುಮ ಇಟ್ಳು.

ನೀನು ಯಾರೂ ಡಬ್ಬಿ ಕೊಡಾಕಿಲ್ಲ ಅಂತ ಬರ್ದಲ್ಲ, ಅವತ್ತು ಶಂಕರನ್ಗೆ ಫೋನ್ ಹಾಕಿ ಅದೇ ಯೋಳ್ದೆ. "ಎಲ್ಲಾರ್ತಾವೂ ಯಾಕ್ಲಾ ಬೇಡ್ತೀಯ, ಒಬ್ಬ ಗಟ್ಟಿ ಆಳು ಹಿಡ್ಕೊ, ಅವನ್ದೇ ಎಲ್ಲಾದುಕ್ಕೂ ತುಂಬು" ಅಂದೆ. ಅವ್ನು ನಮ್ ಬೀದಿ ಚೌಡಯ್ಯನ್ನ ಹಿಡ್ದ. ಚೌಡಯ್ಯ ಆಪರೇಸನ್ ಮಾಡಿಸ್ಕೊಂಡು, ಆಸ್ಪತ್ರೇಲಿ ಉಳದ ಮಾತ್ರೆ ಗೀತ್ರೆ ಎಲ್ಲಾ ನುಂಗಿ ಹೊಸ್ದಾಗಿ ಬಂದಿದ್ದ. ಎಲ್ಡು ವತ್ತಾರೇಲಿ ಐವತ್ತೆಂಟೂ ತುಂಬೋಯ್ತು. ಕೆಳಗಲ ಬೀದಿ ಅಂತ ಆ ಡಾಕ್ಟ್ರು ನೋಡಿದ್ದು ಚೌಡಯ್ಯನ ಒಂದು ಹೊಟ್ಟೇನ.

ಅನೂದೂ ಅದೇಯ. ಮಂಗಳಮ್ಮತ್ತೆ ಖಾಲಿ ಡಬ್ಬೀನೇ ತಂದು ಕೊಟ್ಟಳಂತೆ, "ಇದ್ಕೂ ಒಂದೀಟು ಹಾಕ್ಬುಡ್ಲಾ" ಅಂತ. ನಿನ್ ರಿಪೋರ್ಟು ಬಂದ ದಿನ ಶಂಕರ ನಗ್ತಾ ಯೋಳ್ದ. ನಾನೂ ನಕ್ಕಿದ್ದೆ. ಆಮೇಲೆ ನಿನ್ ಕಾಗ್ದ ಬಂತು.

ಆರು ದಿನ ಬಾಯಿ ಮುಚ್ಕೊಂಡಿದ್ದೆ. ನಿನ್ ಮರ್ಯಾದೆ ಉಳೀಲಿ ಅಂತ ಮಾಡ್ದೆ ಅಂದ್ರೆ ಸುಳ್ಳಾಯ್ತದೆ. ನಾನಿಲ್ಲದಿದ್ರೂ ಊರಲ್ಲಿ ನನ್ ಮಾತು ನಡೀತದೆ ಅಂತ ಒಂಥರ ಕೊಬ್ಬು. ಅನೂಗೆ ಉಳ ಇರ್ಬೋದು ಅಕ್ಕ, ಇರ್ದೇನೂ ಇರ್ಬೋದು, ನನ್ಗೇನ್ ಗೊತ್ತು. ಆದ್ರೆ ಅವ್ಳದ್ದನ್ನ ಯಾರೂ ನೋಡೇ ಇಲ್ಲ. ಸೂಜಿ ಹಾಕೋಕೆ ಮುಂಚೆ ಇದನ್ನ ಆ ಡಾಕ್ಟ್ರಿಗೆ ಯೋಳು. ನನ್ ಹೆಸ್ರೇ ಯೋಳು.


ಸಿದ್ದೇಶ
ವಾಯ್ಸ್ ನೋಟು, ೩ ಆಗಸ್ಟ್

ಅಕ್ಕ, ಕೇಳಿದ್ದೀಯ ಅಂತ ನೀಲಿ ಗುರ್ತು ಬಂದದೆ. ಹನ್ನೊಂದು ದಿನ ಆಯ್ತು. ಬಾವನಿಗೆ ಹಾಕುದ್ರೆ ಎತ್ತಾಕಿಲ್ಲ. ಶಂಕರನೂ ಎತ್ತಾಕಿಲ್ಲ. ಇಪ್ಪತ್ತೊಂಬತ್ತು ಕಳ್ದು ಐದು ದಿನ. ಬೈಯಾಕಾದ್ರೂ ಒಂದು ಸಾಲು ಬರಿ. ಅವ್ಳು ಎಂಗವ್ಳೆ ಅನ್ನೋದೊಂದು ಯೋಳು ಸಾಕು.


ಯಶೋಧ
೧೦ ಆಗಸ್ಟ್ ೨೦೨೫

ಸಿದ್ದೇಶನಿಗೆ,

ಅನುವಿಗೆ ಸೂಜಿ ಹಾಕಿಸಲಿಲ್ಲ. ಅದೊಂದನ್ನು ಮೊದಲು ಬರೆಯುತ್ತೇನೆ.

ನಿನ್ನ ಮಾತು ಕೇಳಿದ ಬೆಳಿಗ್ಗೆ ನಾನು ಅತ್ತೆಯ ಎದುರು ಹೋಗಿ ನಿಂತೆ. "ಅನೂನ ಡಬ್ಬಿ ಯಾರ್ದು ಅತ್ತೆ" ಎಂದೆ. ಅವರು ಕಸಬರಿಕೆ ಕೆಳಗೆ ಹಾಕದೆಯೇ, "ಅದಾಗಿ ಒಂದು ತಿಂಗ್ಳಾಯ್ತು, ಈಗ್ಯಾಕೆ? ಆ ಡಬ್ಬಿಗೂ ಈ ಸೂಜಿಗೂ ಏನವ್ವ ಸಂಬಂಧ" ಎಂದರು. "ಆ ಡಬ್ಬಿ ನೋಡೇ ಸೂಜಿ ಅಂದಿರೋದು" ಎಂದೆ. ಅವರು ಹೊಸ್ತಿಲ ಮೇಲೆ ಕೂತರು.

ಇಡೀ ಬೀದಿಗೆ ಗೊತ್ತಿತ್ತು ಸಿದ್ದ. ಸೆರಗು ಅಡ್ಡ ಹಿಡಿದು ನಕ್ಕವರು ನಾಚಿ ನಕ್ಕಿರಲಿಲ್ಲ. ಗೊತ್ತಿಲ್ಲದವಳು ನಾನೊಬ್ಬಳೇ.

ಅನುವಿನ ಡಬ್ಬಿಯನ್ನು ನಾನೇ ತುಂಬಿ, ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಅರ್ಪಿತ ಡಾಕ್ಟರ ಬಳಿ ಹೋದೆ. ಎಲ್ಲ ಹೇಳಿದೆ. ಹಾಲಿನ ಶೀಸೆಯ ವಿಷಯವನ್ನೂ. ಅವರು ಬಹಳ ಹೊತ್ತು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡುತ್ತಿದ್ದರು. "ಪಾಂಡವಪುರದಲ್ಲಿ, ನಾಗಮಂಗಲದಲ್ಲಿ ನಿಮ್ಮ ಬೀದಿ ನೋಡಿ ಕಲೀರಿ ಅಂತ ಹೇಳ್ಕೊಂಡು ಬಂದಿದ್ದೀನಿ ನಾನು" ಎಂದರು. ನನಗೆ ಅಲ್ಲೇ ನೆಲ ಬಿರಿಯಬಾರದೇ ಎನಿಸಿತು. ಆದರೆ ಅವರು ಡಬ್ಬಿಯನ್ನು ತಾವೇ ಎತ್ತಿಕೊಂಡು ಒಳಗೆ ಹೋದರು. ಅರ್ಧ ಗಂಟೆಗೆ ನನ್ನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಕೊಕ್ಕೆ ಹುಳುವಿನ ಮೊಟ್ಟೆ, ಗಾಜಿನ ಮಣಿಯ ಹಾಗೆ. ಎಷ್ಟೊಂದು. ಆ ಹುಳು ಕರುಳಿಗೆ ಕಚ್ಚಿಕೊಂಡು ದಿನಾ ರಕ್ತ ಹೀರುತ್ತದಂತೆ. ಫೆಬ್ರವರಿಯ ಮಾತ್ರೆ ಸಾಯಿಸಿದ್ದು ಆಗ ಇದ್ದ ಹುಳುವನ್ನು ಮಾತ್ರ; ಬರಿಗಾಲಲ್ಲಿ ಅದೇ ಮಣ್ಣು ತುಳಿದರೆ ಮತ್ತೆ ಹತ್ತುತ್ತದೆ. ಕಾಲಿನ ಚರ್ಮದಿಂದಲೇ ಒಳಗೆ ಹೋಗುತ್ತದೆ. ನೀನು ಬೇವಿನೆಣ್ಣೆ ಹಚ್ಚಿಸಿಕೊಂಡೆಯಲ್ಲ, ಆ ತುರಿಕೆ ಅವು ಒಳಗೆ ಹೋದ ಗುರುತು. ಮಣ್ಣು ತಿನ್ನುವ ಚಪಲ ರಕ್ತ ಕಡಿಮೆಯಾದದ್ದರ ಗುರುತು. ಎಲ್ಲ ಬರುವುದು ತೋಪಿನಿಂದ. ಬೀದಿಗೆ ಬೀದಿಯೇ ಅಲ್ಲಿ ಕೂರುತ್ತದೆ, ಬೀದಿಗೆ ಬೀದಿಯೇ ಅಲ್ಲಿ ಬರಿಗಾಲಲ್ಲಿ ನಡೆಯುತ್ತದೆ.

ಅದೇ ದಿನ ಮಾತ್ರೆ ಹಾಕಿದರು. ಎರಡು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡು, ಕಬ್ಬಿಣದ ಔಷಧಿ ಕೊಟ್ಟು ಕಳಿಸಿದರು. ಮೈಸೂರಿನ ಡಾಕ್ಟರಿಗೆ ಅವರೇ ಫೋನು ಮಾಡಿ ಹೇಳಿದರು.

ಬೀದಿಯ ರಿಪೋರ್ಟು ರದ್ದಾಯಿತು. ಮತ್ತೆ ಅರವತ್ತು ಡಬ್ಬಿ ತಂದೆ. ಅನು ಮಾತ್ರೆ ನುಂಗಿದ್ದರಿಂದ ನಮ್ಮ ಮನೆಗೆ ಈ ಸಲ ಅತ್ತೆಯ ಹೆಸರು ಬಂತು. ಡೈರಿಯ ಮುಂದೆ ನಿಂತು ಕೂಗಿದೆ, ಒಬ್ಬರೂ ತಲೆ ಎತ್ತಲಿಲ್ಲ. ದ್ಯಾವಮ್ಮ, "ಒಂದ್ಸರ್ತಿ ಕೊಟ್ಟಾಯ್ತಲ್ಲವ್ವ" ಎಂದಳು, ಕೆಲವರು ನಕ್ಕರು. ಆಗ ಅತ್ತೆ ಬಂದರು. ಸೆರಗಿನಡಿ ಮುಚ್ಚಿಕೊಳ್ಳದೆ, ಅಂಗೈ ಮೇಲೆ ಡಬ್ಬಿ ಇಟ್ಟುಕೊಂಡು, ಬೀದಿಯ ಆ ತುದಿಯಿಂದ ನಡೆದುಕೊಂಡು ಬಂದು ಶಂಕರನ ಬೆಂಚಿನ ಮೇಲಿಟ್ಟರು. "ಇದು ನಂದು. ಮಂಗಳಮ್ಮಂದು. ಮಾಟ ಮಾಡ್ಸೋರಿದ್ರೆ ಮಾಡಿಸ್ಕೊಳ್ರಿ" ಎಂದರು. ನನ್ನ ಮುಖ ಮಾತ್ರ ನೋಡಲಿಲ್ಲ. ಮಾರನೆಯ ದಿನದಿಂದ ಡಬ್ಬಿ ಬರತೊಡಗಿದವು. ಚೌಡಯ್ಯ ಒಬ್ಬ, "ನಾನು ಆಗ್ಲೇ ಐವತ್ತೆಂಟು ಕೊಟ್ಟಿವ್ನಿ, ಇನ್ನೊಂದು ಕೇಳಿದ್ರೆ ನ್ಯಾಯ ಅಲ್ಲ" ಎಂದು ಕೂತಿದ್ದಾನೆ.

ನಿನ್ನನ್ನು ಬಯ್ಯಲು ಎರಡು ಸಲ ಕಾಗದ ತೆಗೆದೆ. ಬರೆಯಲು ಆಗಲಿಲ್ಲ. ಆರು ದಿನ ಸುಮ್ಮನಿದ್ದೆಯಲ್ಲ, ಅದನ್ನು ನೆನೆಯುತ್ತೇನೆ. ಏಳನೆಯ ದಿನ ಹೇಳಿದೆ ಎನ್ನುವುದನ್ನೂ ನೆನೆಯುತ್ತೇನೆ. ಎರಡೂ ಒಟ್ಟಿಗೆ ಬರುತ್ತವೆ.


ಸಿದ್ದೇಶ
ವಾಯ್ಸ್ ನೋಟು, ೩೧ ಆಗಸ್ಟ್

ಅಕ್ಕ, ನಿನ್ ಕಾಗ್ದ ಇಪ್ಪತ್ತು ಸಲ ಓದಿವ್ನಿ.

ಇಲ್ಲಿ ಮುನ್ಸಿಪಾಲ್ಟಿ ದವಾಖಾನೆಗೆ ಹೋಗಿದ್ದೆ. ನಾನೇ ಡಬ್ಬಿ ಕೇಳಿ ಇಸ್ಕೊಂಡು, ನಂದೇ ತುಂಬಿ ಕೊಟ್ಟೆ. ಸಿಕ್ತು. ಅವೇ ಕೊಕ್ಕೆ ಉಳ. ಆ ಡಾಕ್ಟ್ರಮ್ಮ, "ಯಹಾಂ ಕಾ ನಹೀಂ ಹೈ, ಗಾಂವ್ ಕಾ ಹೈ" ಅಂದ್ರು, ಇಲ್ಲೀದಲ್ಲ ಊರಿಂದು ಅಂತ. ವರ್ಸಗಟ್ಲೆ ಬದುಕಿರ್ತವಂತೆ. ನಾನು ಕಲ್ಲುಗುಂಡು ಅಂದ್ಕೊಂಡಿದ್ದೆ, ರಕ್ತ ನೋಡುದ್ರೆ ಒಂಬತ್ತು. ಮೆಟ್ಲು ಹತ್ತೋವಾಗ ಏದುಸಿರು ಬತ್ತಿತ್ತು, ಊರಿನ ಗ್ಯಾನಕ್ಕೆ ಎದೆ ಭಾರ ಆಯ್ತದೆ ಅಂತ ತಿಳ್ಕೊಂಡಿದ್ನಲ್ಲ, ನನ್ನಂತ ದಡ್ಡ ಯಾರವ್ರೆ. ಮೂರು ವರ್ಸದಿಂದ ತೋಪು ತೋಪು ಅಂತ ನಿನ್ ಕಿವಿ ತಿಂದೆ. ತೋಪು ನನ್ ಹೊಟ್ಟೇಲೇ ಇತ್ತು.

ಓಟ್ಲೋರಿಗೆ ಯೋಳ್ದೆ. ಇನ್ನು ಮುಚ್ಚಿಡಾಕೆ ಮನ್ಸು ಬರ್ಲಿಲ್ಲ. ವಾಸಿಯಾಗೋಗಂಟ ಪಾತ್ರೆ ಕಡೇನೇ ಇರು ಅಂದವ್ರೆ. ಇರ್ತೀನಿ.

ಒಂದು ಕೇಳ್ತೀನಿ ಅಕ್ಕ. ಬೀದೀಲಿ ಎಷ್ಟು ಜನಕ್ಕೆ ಸಿಕ್ತು ಅಂತ ಲೆಕ್ಕ ಬರೀತಾರಲ್ಲ, ಅದ್ರಲ್ಲಿ ನನ್ನೂ ಸೇರ್ಸು. ಕೆಳಗಲ ಬೀದಿ ಸಿದ್ದೇಶ, ಇಪ್ಪತ್ನಾಲ್ಕು ವರ್ಸ, ಉಳ ಅದೆ. ನಂದೂ ಅಲ್ಲೀದೇ ತಾನೆ. ಮಾತ್ರೆ ಕೊಟ್ಟವ್ರೆ, ನುಂಗ್ದೆ.

ಅನು ನನ್ ಜೊತೆ ಮಾತಾಡ್ತಾಳಾ?


ಯಶೋಧ
೧೦ ಸೆಪ್ಟೆಂಬರ್ ೨೦೨೫

ಸಿದ್ದ,

ಬೀದಿಯ ರಿಪೋರ್ಟು ಬಂತು. ಐವತ್ತೇಳು ಡಬ್ಬಿಯಲ್ಲಿ ಇಪ್ಪತ್ತೊಂದಕ್ಕೆ ಹುಳು. ನಾಲ್ಕು ತಾಲ್ಲೂಕಿನಲ್ಲಿ ನಮಗಿಂತ ಹೆಚ್ಚು ಇರುವ ಬೀದಿ ಇನ್ನೊಂದೇ. ದೇವಯ್ಯನಿಗೂ ಇದೆ, ಮೀಸೆ ತಿರುವುವುದು ನಿಂತಿದೆ. ಅತ್ತೆಗೂ ಇದೆ. ಅವರು ಸೌದೆಯನ್ನೆಲ್ಲ ಹೊರಗೆ ಹಾಕಿ ಕಕ್ಕಸ್ಸಿಗೆ ತಾವೇ ಸುಣ್ಣ ಬಳಿದರು. "ಇದ್ರೊಳಗೆ ಯಾರೂ ಮಾತಿಗೆ ಸಿಕ್ಕಾಕಿಲ್ಲ" ಎಂದು ಗೊಣಗುತ್ತಾರೆ, ಆದರೂ ಹೋಗುತ್ತಾರೆ. ತೋಪಿನ ಕಡೆಗೆ ಬೆಳಿಗ್ಗೆ ಹೋಗುವವರು ಈಗಲೂ ಇದ್ದಾರೆ. ಒಂದೇ ದಿನಕ್ಕೆ ಎಲ್ಲ ಬದಲಾಗುವುದಿಲ್ಲ.

ಅನುವಿನ ರಕ್ತ ಒಂಬತ್ತೂವರೆಗೆ ಬಂದಿದೆ. ನಿನಗಿಂತ ಅರ್ಧ ಹೆಚ್ಚು ಎಂದು ಹೇಳಿದ್ದಕ್ಕೆ ಜಗಲಿಯಿಂದ ಹಾರಿದಳು. ಗೋಡೆಯ ಕಡೆ ಹೋಗುತ್ತಿಲ್ಲ. ಚಪ್ಪಲಿಯನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡು ಓಡುತ್ತಾಳೆ, ನಾನು ಹಿಂದೆ ಓಡುತ್ತೇನೆ.

ನಿನ್ನ ಹೆಸರು ಸೇರಿಸಲು ಆಗುವುದಿಲ್ಲ. ಅರ್ಪಿತ ಡಾಕ್ಟರನ್ನು ಕೇಳಿಯೇ ಬರೆಯುತ್ತಿದ್ದೇನೆ. ಕಳೆದ ಆರು ತಿಂಗಳು ಊರಿನಲ್ಲೇ ಮಲಗಿ ಎದ್ದವರು ಮಾತ್ರ ಆ ಪಟ್ಟಿಗೆ. "ಅವರು ನಿವಾಸಿ ಅಲ್ಲ ಅಲ್ವಾ ಯಶೋಧಾ" ಎಂದರು. ನಿಯಮ ಸರಿ. ಆದರೂ ನನಗೆ ಆ ಪದ ಹಿಡಿಸಲಿಲ್ಲ.

ಮಾರ್ನಮಿಗೆ ಬಾ. ಇದೇ ಇಪ್ಪತ್ತೊಂದನೇ ತಾರೀಕು ಮಹಾಲಯ ಅಮಾವಾಸ್ಯೆ, ಅವ್ವನಿಗೆ ಎಡೆ ಇಡಬೇಕು, ಪ್ರತಿವರ್ಷ ಬಾವ ಒಬ್ಬರೇ ಇಡುತ್ತಾರೆ. ಶಂಕರ ನಿನ್ನ ಎದುರು ಬರಲು ಹೆದರುತ್ತಾನೆ, ನೀನೇ ಮಾತಾಡಿಸು.

ಮಾತ್ರೆ ನುಂಗಿದೆ ಎಂದಿದ್ದೀಯ. ಅದನ್ನು ನಾನು ನಂಬಿಲ್ಲ. ಇನ್ನು ಮೇಲೆ ಈ ಬೀದಿಯಲ್ಲಿ ಯಾರ ಮಾತನ್ನೂ ಕೇಳಿ ಬರೆದುಕೊಳ್ಳುವುದಿಲ್ಲ, ನನ್ನ ಕಣ್ಣೆದುರೇ ನುಂಗಬೇಕು. ನಿನಗೂ ಒಂದು ತೆಗೆದಿಟ್ಟಿದ್ದೇನೆ. ಜಗಲಿಯ ಮೇಲೆ ಕೂರಿಸಿ ಕೊಡುತ್ತೇನೆ.

ಅನು ನಿನ್ನ ಜೊತೆ ಫೋನಿನಲ್ಲಿ ಮಾತಾಡುವುದಿಲ್ಲವಂತೆ. ನೀನು ಬಂದ ದಿನ ನೀರಿನ ಲೋಟ ಅವಳೇ ತರುತ್ತಾಳಂತೆ. "ನುಂಗಾದ್ಮೇಲೆ ಮಾವ ಬಾಯಿ ಆ ಮಾಡಿ, ನಾಲ್ಗೆ ಎತ್ತಿ ತೋರಿಸ್ಬೇಕು. ನಾಲ್ಗೆ ಅಡೀಲಿ ಬಚ್ಚಿಟ್ಕೊಂಡ್ರೆ ನನ್ಗೆ ಗೊತ್ತಾಯ್ತದೆ ಅಂತ ಬರಿಯಮ್ಮ" ಎಂದಳು. ಬರೆದಿದ್ದೇನೆ.